ಬಾಗಿಲಿನ ಸೀಟಿ

ಪಿಕಪ್ಪಿನ ಬಾಗಿಲಿಗೆ ಹೊಸ ರಬ್ಬರ್ ಒತ್ತುತ್ತಿದ್ದ ಮೆಕ್ಯಾನಿಕ್ ಅವಳ ಊದಿದ ತುಟಿಯನ್ನು ನೋಡಿಯೂ ನೋಡದವನಂತೆ ಕೇಳಿದ. "ಈ ಬಾಗಿಲು ಸೀಟಿ ಹೊಡೆಯೋದನ್ನ ಮಾತ್ರ ನಿಲ್ಲಿಸ್ಬೇಡ ಅಂತಿದ್ರಲ್ಲಕ್ಕ ನಿಮ್ಮ ಯಜಮಾನ್ರು? ಗಾಳಿ ಸದ್ದಿಲ್ದಿದ್ರೆ ರಾತ್ರಿ ಘಟ್ಟ ಇಳಿಯುವಾಗ ನಿದ್ದೆ ಬಂದ್ಬಿಡುತ್ತಂತೆ."

ಅವಳು ಮನೆಯೊಳಗೆ ಗೊರಕೆ ಹೊಡೆಯುತ್ತಿದ್ದ ಗಂಡನ ಕಡೆ ಒಮ್ಮೆ ನೋಡಿದಳು. "ಈಗ ಅವರೇ ಹೇಳಿದ್ದು. ಒಂಚೂರೂ ಗಾಳಿ ನುಗ್ಗದ ಹಾಗೆ ಮಾಡು."

ಅವನು ಸಂದಿಗೆ ಕಾಗದ ಸಿಕ್ಕಿಸಿ, ಬಾಗಿಲು ಮುಚ್ಚಿ ಎಳೆದ. ಕಾಗದ ಹರಿಯಿತೇ ಹೊರತು ಜಾರಲಿಲ್ಲ. "ಇನ್ನು ತೊಟ್ಟಿಲಲ್ಲಿ ಮಲಗಿದ ಹಾಗಕ್ಕ" ಎಂದು ಹೊರಟ.

ಸಂಜೆ ಎದ್ದ ಗಂಡ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನು ಅವಳ ಮುಖಕ್ಕೇ ಎಸೆದ. ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಜಜ್ಜಿದ. ಅವಳು ಇದೇ ಕೊನೆ ಎಂದುಕೊಂಡು ನೆಲಕ್ಕೆ ಬಿದ್ದ ಅನ್ನವನ್ನು ಬಳಿಯುತ್ತ ಕೂತಳು. ಹೊರಗೆ ಗಾಡಿ ಸ್ಟಾರ್ಟಾಯಿತು.

"ಏಯ್, ಪಾಪೂನ ಕರ್ಕೊಂಡು ಹೋಗ್ತಿದೀನಿ" ಎಂದು ಅವನು ಕೂಗಿದ. "ಸಮುದ್ರ ತೋರ್ಸು ಅಂತ ಒಂದೇ ಹಟ."

ಅವಳು ಓಡಿ ಬಂದಳು. ಮಗಳು ಗಾಡಿಯೊಳಗೆ ಎಡಗಡೆ ಕೂತು ಕೈ ಬೀಸುತ್ತಿದ್ದಳು.

"ಬೇಡ, ಅವಳನ್ನ ಇಳಿಸಿ."

"ತಿಂದಿದ್ದು ಸಾಲ್ದೇನೇ?" ಎಂದು ಗಂಡ ಗಾಜು ಏರಿಸಿ ಗೇರ್ ಹಾಕಿದ.

ಅಂಗಳದ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅವಳು ಅವನ ಪಕ್ಕದ ಗಾಜಿಗೆ ಅಪ್ಪಳಿಸಿದಳು.