ದೇವರ ಮನೆಯ ಕುಂಡ

ಎಣ್ಣೆಯ ಪೈಪು ಒಡೆದು ಕಸ್ತೂರಿಯ ಹೊಲ ಕಪ್ಪಾಗಿತ್ತು. ಕಂಪನಿಯವರು ಮೇಲ್ಮಣ್ಣು ಕೆರೆದು, ಔಷಧಿ ಹೊಡೆದು, ಸ್ವಚ್ಛ ಮಾಡಿದ ಶಾಸ್ತ್ರ ಮುಗಿಸಿ ಹೋದರು. ಆಮೇಲೆ ಮಣ್ಣು ಪರೀಕ್ಷೆಯ ಸಾಹೇಬರು ಬಂದು, ಅದೇ ಹೊಲದ ಮಣ್ಣನ್ನು ಒಂದು ಕುಂಡಕ್ಕೆ ತುಂಬಿ ಗೋಧಿ ಊರಿದರು.

“ಹತ್ತ ದಿನ ಮನ್ಯಾಗ ಇಟ್ಟು ನೀರ ಹಾಕ್ರಿ. ಮೊಳೀಲಿಲ್ಲಂದ್ರ ಕಂಪನಿಯವ್ರು ಮತ್ತ ಬಂದು ಹೊಲ ಸ್ವಚ್ಛ ಮಾಡಬೇಕಾಗ್ತೈತಿ.”

ಪ್ರತಿ ವರ್ಷ ದಸರೆಗೆ ಘಟ ಕೂರಿಸಿ, ದೇವರ ಮುಂದೆ ಮಣ್ಣಿನಲ್ಲಿ ಕಾಳು ಮೊಳೆಯಿಸಿ ರೂಢಿಯಿದ್ದ ಅತ್ತೆ ಕುಂಡವನ್ನೆತ್ತಿ ದೇವರ ಮನೆಯಲ್ಲಿಟ್ಟಳು. ನೀರು ಹಾಕುವ ಕೆಲಸವೂ ತನ್ನದೇ ಎಂದಳು.

ಹತ್ತನೆಯ ದಿನ ಸಾಹೇಬರು ಬಂದಾಗ ಸಸಿ ನಾಲ್ಕು ಬೆರಳುದ್ದ ಎದ್ದು ನಿಂತಿತ್ತು.

“ಹೊಲದಾಗ ಒಂದ ಕಾಳೂ ಹುಟ್ಟವಲ್ದ್ರೀ ಸಾಹೇಬ್ರ,” ಎಂದಳು ಕಸ್ತೂರಿ.

“ಕಣ್ಣ ಮುಂದ ಹಸರ ಕಾಣಾಕತ್ತೈತಲ್ಲವಾ. ನಿಮ್ಮ ಮಣ್ಣು ಆರಾಮ ಆಗೇತಿ.”

ಸಾಹೇಬರು ಕಾಗದಕ್ಕೆ ಸಹಿ ಹಾಕಿದರು. ಇನ್ನು ಕಂಪನಿಯವರು ಈ ಕಡೆ ತಲೆ ಹಾಕಬೇಕಿಲ್ಲ. ಜೀಪು ಮರೆಯಾದರೂ ಕಸ್ತೂರಿ ಕುಂಡವನ್ನೇ ನೋಡುತ್ತ ನಿಂತಿದ್ದಳು.

ಅತ್ತೆ ಸಮಾಧಾನದಿಂದ ಸೆರಗಿಗೆ ಕೈ ಒರೆಸಿಕೊಂಡಳು. “ನಾಕ ದಿನ ಕಾದೆ, ಒಂದೂ ಮೊಳಕಿ ಬರಲಿಲ್ಲ. ದೇವರ ಮುಂದ ಇಟ್ಟದ್ದು ಮೊಳೀದಿದ್ರ ಮನಿಗೆ ಕೇಡಲ್ಲೇನ? ಗುಡಿ ಹಿಂದಿನ ಮಣ್ಣು ತಂದು ಹೊಸದಾಗಿ ಬಿತ್ತಿದೆ.”