ಕೌದಿ ಬಿಚ್ಚಿದ ಮಧ್ಯಾಹ್ನ

"ಎಲ್ಲಾ ಅಳಿಸಿ ಹೊಸದಾಗಿ ಸಿಸ್ಟಂ ಹಾಕ್ಲೇನ್ರಿ?" ಎಂದು ಕಂಪ್ಯೂಟರ್ ರಿಪೇರಿಯವ ಇವತ್ತು ಕೇಳಿದಾಗ ನನಗೆ ನೆನಪಾದದ್ದು ದಾಂಡೇಲಿಯ ಮನೆಯ ಹಳೇ ಕೌದಿ.

ಹಳೇ ಬಟ್ಟೆ ಪದರಪದರವಾಗಿ ಹೊಲಿದ ಆ ಹೊದಿಕೆ ಹರಿದು ಗಂಟುಗಂಟಾಗಿತ್ತು. "ತ್ಯಾಪಿ ಮ್ಯಾಲ ತ್ಯಾಪಿ ಎಷ್ಟಂತ ಹಚ್ಚೂದು? ಪೂರಾ ಬಿಚ್ಚಿ ಹೊಲಿಯೂಣು," ಅಂದಳು ಅಜ್ಜಿ.

"ಬ್ಯಾಡ್ರಿ ಅತ್ತಿ, ತ್ಯಾಪೀನ ಹಚ್ಚೂಣ್ರಿ," ಅಂದಳು ಅವ್ವ.

ಅಜ್ಜಿ ಕೇಳಲಿಲ್ಲ, ಕತ್ತರಿ ಹಾಕಿದಳು. ಅಜ್ಜನ ಧೋತರ ಬಂತು, ಅಪ್ಪನ ಮಿಲ್ಲಿನ ಖಾಕಿ ಅಂಗಿ ಬಂತು. ಎಲ್ಲಕ್ಕಿಂತ ಒಳಗೆ ಕೂಸಿನ ತಲೆಗೆ ಕಟ್ಟುವ, ಅಂಗೈಯಗಲದ ಒಂದು ಕುಂಚಿಗಿ.

"ನಂದೇನವ್ವಾ?" ಅಂದೆ. ಅವ್ವ ತಲೆ ಎತ್ತಲಿಲ್ಲ. ನನಗಿಂತ ಮೊದಲು ಹುಟ್ಟಿದ ಕೂಸೊಂದು ತೊಟ್ಟಿಲಲ್ಲೇ ಹೋಗಿತ್ತು.

"ಅದರ ಅರಿವಿ ಎಲ್ಲಾ ಹೊಳಿಗೆ ಬಿಟ್ಟೇನಿ ಅಂದಿದ್ಯಲ್ಲ ನೀ?" ಅಜ್ಜಿಯ ದನಿ ಸಣ್ಣದಾಯಿತು.

ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ಅದಿದ್ದ ಜಾಗದಲ್ಲೇ ಇಟ್ಟು, ಅಪ್ಪನ ಅಂಗಿ ಹೊದಿಸಿ, "ಸೂಜಿ ತಾ," ಅಂದಳು.