ಮನೆ ಎತ್ತುವ ಹುಡುಗಿ

ಕಡಲು ದಿನವೂ ಅಂಗಳಕ್ಕೆ ನುಗ್ಗತೊಡಗಿದ ಮೇಲೆ ನಮ್ಮೂರಿನ ಮನೆಗಳೆಲ್ಲ ಹೈಡ್ರಾಲಿಕ್ ಕಾಲುಗಳ ಮೇಲೆ ನಿಂತಿವೆ. ಹೆಣ್ಣು ನೋಡಲು ಬಂದವರು ಈಗ ಹಾಡು ಹೇಳಿಸುವುದಿಲ್ಲ.

“ಎಲ್ಲಿ, ಮನೆ ಎತ್ತಿ ತೋರಿಸಮ್ಮ,” ಎಂದರು ಹುಡುಗನ ತಾಯಿ.

ವನಮಾಲಾ ಲಿವರ್ ಎಳೆದಳು. ಲೋಟದ ಕಾಫಿ ತುಳುಕದಂತೆ ಮನೆ ಮೇಲೇರಿತು. ಹುಡುಗ ಮಾತ್ರ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡ.

“ನಮಗೆ ಒಪ್ಪಿಗೆ. ಇಷ್ಟು ಬಂದರೆ ಸಾಕು, ಇನ್ನು ಓದು ಗೀದು ಯಾಕೆ? ಇಳಿಸಮ್ಮ, ಹೊರಡ್ತೀವಿ.”

“ಇಳಿಸೋದನ್ನ ಹೈಡ್ರಾಲಿಕ್ಸ್ ಕಾಲೇಜಲ್ಲಿ ಹೇಳಿಕೊಡ್ತಾರಂತೆ, ಅತ್ತೆ. ಸೀಟು ಸಿಕ್ಕಿದೆ. ನಾಲ್ಕು ವರ್ಷ.”

ಆಕೆ ಬಾಗಿಲಲ್ಲಿ ಬಗ್ಗಿ ನೋಡಿದರು. ನೆಲ ಎರಡಾಳು ಕೆಳಗಿತ್ತು.

“ಓದಮ್ಮ, ಓದು! ಬೇಡ ಅಂದೋರ್‍ಯಾರು?”

ದಿನವೂ ಮನೆ ಇಳಿಸುವವಳು ಅವಳೇ ಎಂದು ಬಲ್ಲ ಅಪ್ಪ, ನಗು ಮುಚ್ಚಿಕೊಳ್ಳಲು ಖಾಲಿ ಲೋಟವನ್ನೇ ಕುಡಿಯುತ್ತಿದ್ದರು.